2.87 ಲಕ್ಷ ಕಿ.ಮೀ. ಓಡಿದ ಇನ್ನೋವಾದಲ್ಲಿ ಮನೆಮಂದಿಯನ್ನೆಲ್ಲ ಘಟ್ಟದ ದಾರಿಯಲ್ಲಿ ಕರೆದೊಯ್ಯಬಹುದೇ?

ಕಲ್ಪತರುನಾಡು, ತುಮಕೂರು

ನಮ್ಮ ಮನೆಯಲ್ಲಿರುವುದು 2009ರಲ್ಲಿ ತಂದೆಯವರು ಕೊಂಡ ಟೊಯೋಟಾ ಇನ್ನೋವಾ, 2.5 ಲೀಟರ್ ಡೀಸೆಲ್ ಗಾಡಿ. ಮೀಟರು ಈಗ 2,87,000 ಕಿ.ಮೀ. ತೋರಿಸುತ್ತಿದೆ. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಯಲ್ಲಿ ಎಫ್‌ಸಿ (ಗಾಡಿಯ ಯೋಗ್ಯತಾ ತಪಾಸಣೆ) ಮಾಡಿಸಿ ನೋಂದಣಿಯನ್ನು ಮತ್ತೈದು ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳೂ ಚಾಲ್ತಿಯಲ್ಲಿವೆ. ಆದ್ದರಿಂದ ಕಾಗದಪತ್ರಗಳ ಬಗ್ಗೆ ನನಗೆ ಚಿಂತೆಯಿಲ್ಲ.

ಡಿಸೆಂಬರ್ ಕೊನೆಯ ವಾರದಲ್ಲಿ ಮಕ್ಕಳ ರಜೆಗೆ ಐದು ದಿನದ ಪ್ರವಾಸ ಯೋಚಿಸಿದ್ದೇವೆ. ತುಮಕೂರಿನಿಂದ ಅರಸೀಕೆರೆ, ಕಡೂರು, ಭದ್ರಾವತಿ ಮಾರ್ಗವಾಗಿ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿಯ ಮೇಲೆ ಆಗುಂಬೆ ಘಟ್ಟ ಇಳಿದು ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಗೋಕರ್ಣ. ಹಿಂದಿರುಗುವಾಗ ಹೊನ್ನಾವರದಿಂದ ಗೇರುಸೊಪ್ಪ ಘಟ್ಟ ಹತ್ತಿ ಜೋಗ, ಸಾಗರ, ಶಿವಮೊಗ್ಗ. ಒಟ್ಟು ಸುಮಾರು 1,000 ಕಿ.ಮೀ. ಆಗಬಹುದು. ಹೋಗುವವರು ಏಳು ಜನ: ತಂದೆಯವರಿಗೆ 74 ವರ್ಷ, ತಾಯಿಯವರಿಗೆ 68, ನಾನು, ನನ್ನ ಪತ್ನಿ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು, ಬೆಂಗಳೂರಿನಲ್ಲಿರುವ ನನ್ನ ತಂಗಿ.

ಈ ಗಾಡಿಯ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ತಂದೆಯವರು ಡ್ಯಾಶ್‌ಬೋರ್ಡಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡಿದ್ದರು. ಡೀಸೆಲ್ ಹಾಕಿಸಿದ ದಿನ, ಆಯಿಲ್ ಬದಲಿಸಿದ ಕಿಲೋಮೀಟರು, ಪಂಕ್ಚರು ಹಾಕಿಸಿದ ಊರು, ಯಾವ ಭಾಗಕ್ಕೆ ಎಷ್ಟು ಕೊಟ್ಟರು ಎಂಬುದನ್ನೆಲ್ಲ ನೀಲಿ ಶಾಯಿಯಲ್ಲಿ ಬರೆದಿಡುತ್ತಿದ್ದರು. 2019ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಓಡಿಸುವುದನ್ನು ನಿಲ್ಲಿಸಿದರು, 2,11,400 ಕಿ.ಮೀ.ಗೆ ಬರಹವೂ ನಿಂತಿತು. ಅಲ್ಲಿಂದ ಮುಂದಿನ 75,000 ಕಿ.ಮೀ.ಗೂ ಹೆಚ್ಚು ಓಡಿಸಿದವನು ನಾನು. ಆಯಿಲ್ ಮತ್ತು ಫಿಲ್ಟರ್ ಬದಲಿಸಿದ್ದೇನೆ, ಬ್ಯಾಟರಿ ಹಾಕಿಸಿದ್ದೇನೆ, ಉಳಿದದ್ದನ್ನು ತೊಂದರೆ ಕಾಣಿಸಿಕೊಂಡಾಗ ಮಾತ್ರ ಮಾಡಿಸಿದ್ದೇನೆ, ಒಂದನ್ನೂ ಬರೆದಿಟ್ಟಿಲ್ಲ. ಕಳೆದ ಎರಡು ವರ್ಷಗಳಿಂದ ಗಾಡಿ ಹೆಚ್ಚಾಗಿ ಊರೊಳಗೇ ಓಡಿದೆ, ಕೆಲವು ತಿಂಗಳು ನಿಂತೇ ಇತ್ತು.

ಎಂಜಿನ್ ಒಂದೇ ಸೆಲ್ಫಿಗೆ ಶುರುವಾಗುತ್ತದೆ, ಹೊಗೆ ಬಿಡುವುದಿಲ್ಲ, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಅಲುಗಾಟವಿಲ್ಲ. ಆದರೂ ವಯಸ್ಸಾದ ತಂದೆತಾಯಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಕಾಡಿನ ನಡುವೆ ನಿಂತುಹೋದರೆ ಎಂಬ ಯೋಚನೆ ರಾತ್ರಿ ನಿದ್ದೆ ಕೊಡುತ್ತಿಲ್ಲ. ಹೊಸದನ್ನು ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ; ಇದೇ ವರ್ಗದ ಹೊಸ ಗಾಡಿ ರಸ್ತೆಗಿಳಿಯುವ ಹೊತ್ತಿಗೆ ಇಪ್ಪತ್ತು ಲಕ್ಷ ದಾಟುತ್ತದೆ. ಅನುಭವಸ್ಥರು ದಯವಿಟ್ಟು ಹೇಳಿ: ಈ ಗಾಡಿಯನ್ನು ನಂಬಬಹುದೇ? ನಂಬುವುದಾದರೆ ಹೊರಡುವ ಮೊದಲು ಏನೇನು ಮಾಡಿಸಬೇಕು?

ಗ್ಯಾರೇಜ್ ಅಣ್ಣ, ಅರಸೀಕೆರೆ

ಇಪ್ಪತ್ತೆರಡು ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಕ್ವಾಲಿಸ್ ನಿಂತು 2005ರಲ್ಲಿ ಇನ್ನೋವಾ ಬಂದಾಗಿನಿಂದ ಈ ಗಾಡಿಗಳನ್ನು ಬಿಚ್ಚಿ ಕಟ್ಟಿದ್ದೇನೆ. ಬಿಡದಿಯ ಕಾರ್ಖಾನೆಯಿಂದ ಹೊರಬಿದ್ದ ಈ 2.5 ಲೀಟರ್ ಎಂಜಿನ್ ಹೊತ್ತ ಟ್ಯಾಕ್ಸಿಗಳು ಐದು ಲಕ್ಷ ಕಿ.ಮೀ. ದಾಟಿ ಬಂದದ್ದನ್ನು ನನ್ನ ಅಂಗಳದಲ್ಲೇ ಕಂಡಿದ್ದೇನೆ. ಕೆಳಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ, ಹಿಂಚಕ್ರದ ಎಳೆತ. ಭಾರ ಹೊರುವುದಕ್ಕೆಂದೇ ಕಟ್ಟಿದ ಗಾಡಿ. ಹಾಗಾಗಿ 2.87 ಲಕ್ಷ ಎಂಬ ಸಂಖ್ಯೆಯನ್ನು ಕಂಡು ಹೆದರಬೇಡಿ.

ನನಗೆ ಭಯ ಹುಟ್ಟಿಸಿದ್ದು ನಿಮ್ಮ ತಂದೆಯವರ ನೋಟ್‌ಬುಕ್ಕಿನ ಖಾಲಿ ಪುಟಗಳು. ಆರು ವರ್ಷಕ್ಕೆ ಐದು ಲಕ್ಷ ಓಡಿದ ಟ್ಯಾಕ್ಸಿಯ ರಬ್ಬರು ಹೊಸದಾಗಿರುತ್ತದೆ, ಏಕೆಂದರೆ ಅದನ್ನು ಬದಲಿಸದೆ ಮಾಲೀಕನಿಗೆ ಗತಿಯಿರುವುದಿಲ್ಲ. ಹದಿನಾರು ವರ್ಷಕ್ಕೆ ಇಷ್ಟು ಓಡಿದ ಮನೆಯ ಗಾಡಿಯಲ್ಲಿ ಕಬ್ಬಿಣವೆಲ್ಲ ಗಟ್ಟಿಯಾಗಿದ್ದು, ರಬ್ಬರು ಮಾತ್ರ ಒಣಗಿ ಕೂತಿರುತ್ತದೆ. ಎಂಜಿನ್ ತಂಪಾಗಿಸುವ ಕೂಲೆಂಟ್ ದ್ರವದ ಪೈಪು, ಬ್ರೇಕಿನ ಸೀಲು, ಬೆಲ್ಟು, ಟೈರು, ಬುಷ್ಷು ಇವೆಲ್ಲ ನಿಂತಲ್ಲೇ ಹಳತಾಗುವ ವಸ್ತುಗಳು. ಗಾಡಿ ತಿಂಗಳುಗಟ್ಟಲೆ ನಿಂತಿದ್ದರಿಂದ ಅವುಗಳಿಗೆ ಉಪಕಾರವೇನೂ ಆಗಿಲ್ಲ.

ಮೊದಲು ಆ ಪುಸ್ತಕ ತೆಗೆದು, ಟೈಮಿಂಗ್ ಬೆಲ್ಟನ್ನು ಕೊನೆಯದಾಗಿ ಯಾವಾಗ ಬದಲಿಸಿದರು ಎಂದು ಹುಡುಕಿ. ವಾಲ್ವು, ಪಿಸ್ಟನ್ನುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವುದು ಅದೇ. ಈ ಎಂಜಿನ್ನಿನಲ್ಲಿರುವುದು ಚೈನಲ್ಲ, ಹಲ್ಲಿನ ರಬ್ಬರ್ ಬೆಲ್ಟು. ಒಂದರಿಂದ ಒಂದೂವರೆ ಲಕ್ಷ ಕಿ.ಮೀ. ಒಳಗೆ ಬದಲಿಸಬೇಕಾದದ್ದು. ಇದು ಸದ್ದು ಮಾಡಿ ಮುನ್ಸೂಚನೆ ಕೊಡುವುದಿಲ್ಲ. ಓಡುವಾಗ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಎಂಜಿನ್ನು ಅಲ್ಲೇ ಮುಗಿಯುತ್ತದೆ. ಬದಲಿಸುವಾಗ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮತ್ತು ಐಡ್ಲರ್ ಬೇರಿಂಗನ್ನೂ ಸೇರಿಸಿಯೇ ಬದಲಿಸಿ. ನೂರಾರು ರೂಪಾಯಿ ಉಳಿಸಲು ಹಳೆಯ ಬೇರಿಂಗಿಗೆ ಹೊಸ ಬೆಲ್ಟು ತೊಡಿಸುವುದು ತಪ್ಪು.

ನಿಮ್ಮ ದಾರಿಯಲ್ಲಿ ಎರಡು ಪರೀಕ್ಷೆಗಳಿವೆ. ಆಗುಂಬೆ ಇಳಿಜಾರು ಬ್ರೇಕನ್ನು ಪರೀಕ್ಷಿಸುತ್ತದೆ, ಗೇರುಸೊಪ್ಪದ ಏರು ರೇಡಿಯೇಟರನ್ನು ಪರೀಕ್ಷಿಸುತ್ತದೆ.

ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಏಳು ಜನರ ಭಾರದೊಂದಿಗೆ ಬ್ರೇಕ್ ತುಳಿದುಕೊಂಡೇ ಇಳಿದರೆ ಡಿಸ್ಕು ಕೆಂಡವಾಗುತ್ತದೆ, ಆ ಕಾವು ಬ್ರೇಕ್ ಆಯಿಲಿಗೆ ಏರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿಕೊಂಡ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದು ಆವಿಯಾದರೆ ಪೆಡಲು ನೆಲದವರೆಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಹಳೆಯದನ್ನು ಪೂರ್ತಿ ಹೊರತೆಗೆದು ಹೊಸದನ್ನು ತುಂಬಿಸಿ ಬ್ಲೀಡ್ ಮಾಡಿಸಿ, ಅಂದರೆ ಕೊಳವೆಯಲ್ಲಿ ಸಿಕ್ಕ ಗಾಳಿಯನ್ನು ಹೊರಹಾಕಿಸಿ. ಮೇಲಿನ ಡಬ್ಬಿಗೆ ಒಂದಿಷ್ಟು ಸುರಿದರೆ ಸಾಲದು. ಮುಂದಿನ ಪ್ಯಾಡುಗಳ ಜೊತೆಗೆ ಅವನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳನ್ನೂ ಕಳಚಿ ಗ್ರೀಸ್ ಮಾಡಿಸಿ, ಹಿಂದಿನ ಡ್ರಮ್ಮು ಬಿಚ್ಚಿಸಿ ಸಿಲಿಂಡರು ಸೋರುತ್ತಿದೆಯೇ ನೋಡಿಸಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಡಬೇಕು, ಸವರುತ್ತ ಇಳಿಯಬಾರದು.

ಗೇರುಸೊಪ್ಪದ ಏರಿಗೆ ಕೂಲೆಂಟ್ ಪೂರ್ತಿ ಬದಲಾಗಬೇಕು. ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸು, ಹೀಟರಿಗೆ ಹೋಗುವ ಸಣ್ಣ ಹೋಸುಗಳು, ರೇಡಿಯೇಟರ್ ಕ್ಯಾಪು, ಫ್ಯಾನ್ ಬೆಲ್ಟು ಇಷ್ಟನ್ನು ಕಣ್ಣು ಮುಚ್ಚಿ ಹೊಸದು ಹಾಕಿಸಿ. ಫ್ಯಾನಿನ ಕ್ಲಚ್ ಹಿಡಿಯುತ್ತಿದೆಯೇ, ವಾಟರ್ ಪಂಪಿನ ಬಳಿ ಒಣಗಿದ ಕೂಲೆಂಟಿನ ಕಲೆಯಿದೆಯೇ ಎಂದು ನೋಡಲು ಹೇಳಿ. ಹಿಂದೆ ಯಾರಾದರೂ ಕೂಲೆಂಟಿನ ಹರಿವನ್ನು ಕಾವಿಗೆ ತಕ್ಕಂತೆ ನಿಯಂತ್ರಿಸುವ ಥರ್ಮೋಸ್ಟಾಟ್ ತೆಗೆದು ಬಿಸಾಡಿದ್ದರೆ ಮತ್ತೆ ಕೂರಿಸಿ. ಬಿಸಿಯಾಗುವ ಗಾಡಿಗೆ ಅದನ್ನು ಕಿತ್ತುಹಾಕುವ ಅಭ್ಯಾಸ ನಮ್ಮ ಕಡೆಯ ಕೆಲವು ಗ್ಯಾರೇಜುಗಳಲ್ಲಿದೆ. ಅದು ರೋಗವನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ.

ಟೈರಿನ ಹಲ್ಲು ನೋಡಿ ಸಮಾಧಾನಪಡಬೇಡಿ. ಪಕ್ಕದ ಗೋಡೆಯಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ಮೀರಿದ ಟೈರಿನಲ್ಲಿ ಮನೆಮಂದಿಯನ್ನು ದೂರ ಕರೆದೊಯ್ಯಲು ನಾನು ಒಪ್ಪುವುದಿಲ್ಲ. ಸ್ಟೆಪ್ನಿಯನ್ನು ಕೆಳಗಿಳಿಸಿ ನೋಡಿ. ಅದನ್ನು ಹಿಡಿದಿರುವ ಸರಪಳಿ ತುಕ್ಕು ಹಿಡಿದು ಇಳಿಯದೇ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಬಾಲ್ ಜಾಯಿಂಟ್, ಟೈ ರಾಡ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಇವುಗಳನ್ನು ಗಾಡಿ ಮೇಲೆತ್ತಿದಾಗ ಅಲುಗಾಡಿಸಿ ನೋಡಿದರೆ ಸಾಕು.

ಕೆಲಸ ಮುಗಿದ ಮೇಲೆ ನೇರ ಪ್ರವಾಸಕ್ಕೆ ಹೊರಡಬೇಡಿ. ನಿಮ್ಮೂರಿನ ಪಕ್ಕದಲ್ಲೇ ದೇವರಾಯನದುರ್ಗವಿದೆ. ಆರೇಳು ದೊಡ್ಡವರನ್ನು ಕೂರಿಸಿಕೊಂಡು, ಎ.ಸಿ. ಹಾಕಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಎರಡು ಸಲ ಹತ್ತಿ ಇಳಿಯಿರಿ. ಕೆಟ್ಟುಹೋಗುವುದಾದರೆ ಮನೆಯಿಂದ ಹದಿನೈದು ಕಿಲೋಮೀಟರಿನಲ್ಲಿ ಕೆಡಲಿ. ಆಮೇಲೆ ಕನಿಷ್ಠ ಎರಡು ವಾರ ಊರಲ್ಲೇ ಓಡಿಸಿ. ಹೊಸದಾಗಿ ಜೋಡಿಸಿದ ಹೋಸಿನ ಕ್ಲಿಪ್ಪು ಸಡಿಲವಾಗಿದ್ದರೆ ಅದು ಗೊತ್ತಾಗುವುದು ಆಗಲೇ.

ಶರಾವತಿ ದಡ, ಸಾಗರ

ಗೇರುಸೊಪ್ಪದ ಏರಿನ ಬಗ್ಗೆ ನಮಗಾದ ಅನುಭವವನ್ನು ಹೇಳುತ್ತೇನೆ. ನಮ್ಮಲ್ಲಿಯೂ ಹನ್ನೊಂದು ವರ್ಷ ಹಳೆಯದಾದ ಎಂಟು ಸೀಟಿನ ಗಾಡಿಯಿತ್ತು. ಹೋಸು ಮೆತ್ತಗಾಗಿದೆ, ಬದಲಿಸಿ ಎಂದು ಮೆಕ್ಯಾನಿಕ್ ಎರಡು ಸಲ ಹೇಳಿದ್ದರು. ಮುಂದಿನ ಸರ್ವೀಸಿಗೆ ನೋಡೋಣ ಎಂದು ನಾವೇ ಮುಂದೂಡಿದೆವು.

ಏಪ್ರಿಲ್ ತಿಂಗಳ ಮಧ್ಯಾಹ್ನ, ಇಡಗುಂಜಿಯಲ್ಲಿ ಪೂಜೆ ಮುಗಿಸಿ ಸಾಗರಕ್ಕೆ ಹೊರಟಿದ್ದೆವು. ಒಳಗೆ ಎಂಟು ಜನ, ಎ.ಸಿ. ಪೂರ್ತಿ ಹಾಕಿತ್ತು. ಗೇರುಸೊಪ್ಪ ದಾಟಿ ಘಟ್ಟ ಹತ್ತತೊಡಗಿದ ಮೇಲೆ ಟೆಂಪರೇಚರ್ ಮುಳ್ಳು ಸದಾ ನಿಲ್ಲುತ್ತಿದ್ದ ಜಾಗ ಬಿಟ್ಟು ಸ್ವಲ್ಪ ಮೇಲೆ ಸರಿದದ್ದನ್ನು ನಾನು ನೋಡಿದೆ, ನನ್ನ ಯಜಮಾನರೂ ನೋಡಿದರು. ಮಾವಿನಗುಂಡಿ ತಲುಪಿದರೆ ಅಲ್ಲಿ ನಿಲ್ಲಿಸೋಣ ಎಂದುಕೊಂಡು ಮುಂದೆ ಹೋದೆವು. ಮೂರು ತಿರುವು ದಾಟುವಷ್ಟರಲ್ಲಿ ಹೋಸು ಒಡೆದು ಬಾನೆಟ್ಟಿನಿಂದ ಬಿಳಿ ಆವಿ ಎದ್ದಿತು. ಮೊಬೈಲಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇರಲಿಲ್ಲ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಊಟದ ಹೊತ್ತು ಮೀರಿತ್ತು, ಕೈ ನಡುಗಲು ಶುರುವಾಗಿತ್ತು. ಕೈಚೀಲದಲ್ಲಿದ್ದ ಪ್ರಸಾದದ ಬೆಲ್ಲವೇ ಆಗ ಆಧಾರವಾಯಿತು. ಮುಕ್ಕಾಲು ಗಂಟೆಯ ನಂತರ ಬಂದ ಸಾರಿಗೆ ಬಸ್ಸಿನ ಚಾಲಕರು ನಿಲ್ಲಿಸಿ, ಅತ್ತೆಯವರನ್ನೂ ಮಕ್ಕಳನ್ನೂ ಹತ್ತಿಸಿಕೊಂಡರು; ಅವರ ಉಪಕಾರವನ್ನು ನಾನು ಮರೆಯುವುದಿಲ್ಲ. ಗಾಡಿಯನ್ನು ಸಂಜೆ ಎಳೆದು ತರಬೇಕಾಯಿತು. ಎಂಜಿನ್ನಿನ ಮೇಲ್ಭಾಗವನ್ನು ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಕೆಲವು ನೂರು ರೂಪಾಯಿಯ ಹೋಸಿಗಾಗಿ ನಲವತ್ತು ಸಾವಿರಕ್ಕೂ ಹೆಚ್ಚು ಖರ್ಚಾಯಿತು.

ಮುಳ್ಳು ಸ್ವಲ್ಪ ಸರಿದ ಕೂಡಲೇ ಎ.ಸಿ. ಆರಿಸಿ, ಕಿಟಕಿಗಳನ್ನೆಲ್ಲ ತೆರೆದು ಹೀಟರನ್ನು ಪೂರ್ತಿ ಹಾಕಿ. ಎಂಜಿನ್ನಿನ ಕಾವನ್ನು ಅದು ಒಂದಿಷ್ಟು ಹೊರಗೆಳೆಯುತ್ತದೆ. ಅಗಲವಾದ ಜಾಗ ಸಿಕ್ಕಿದೊಡನೆ ನಿಲ್ಲಿಸಿ. ಆವಿ ಕಂಡರೆ ಅಥವಾ ಕೂಲೆಂಟ್ ಸೋರಿದರೆ ಎಂಜಿನ್ ಆಫ್ ಮಾಡಲೇಬೇಕು. ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು, ಮುಖಕ್ಕೆ ಎರಚುತ್ತದೆ. ಐದು ಲೀಟರ್ ನೀರು, ವಯಸ್ಸಾದವರ ಔಷಧಿ, ತಿನ್ನಲು ಏನಾದರೂ, ಒಂದು ಮಡಚುವ ಕುರ್ಚಿ ನಿಮ್ಮ ಕೈಗೆ ಸಿಗುವಂತೆ ಇರಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಎಂಬುದನ್ನು ಬರೆದಿಟ್ಟುಕೊಳ್ಳಿ. ಕಾಡಿನೊಳಗೆ ಸಿಗ್ನಲ್ ಸಿಗದೆ ಹೋದರೆ ಹೊನ್ನಾವರದ ಕಡೆಗೋ ಜೋಗದ ಕಡೆಗೋ ಹೋಗುವ ಗಾಡಿಯವರ ಮೂಲಕ ಸುದ್ದಿ ಕಳುಹಿಸಬೇಕು. ದಯವಿಟ್ಟು ಆ ಏರನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತ್ತಿ.

ಇಬ್ಬರು ಮಕ್ಕಳ ತಂದೆ, ಧಾರವಾಡ

ಮೇಲಿನವರ ಮಾತುಗಳೆಲ್ಲ ಗಾಡಿ ಕೆಟ್ಟು ನಿಲ್ಲುವುದರ ಬಗ್ಗೆ ಇವೆ. ಕೆಡದೆ ಚೆನ್ನಾಗಿ ಓಡುತ್ತಿರುವಾಗಲೇ ಎದುರಿನಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ಒಳಗಿರುವವರ ಗತಿಯೇನು ಎಂಬುದನ್ನು ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ. ಮುಂದೆ ಕೂರುವ ಎರಡನೆಯವರಿಗೂ ಅದು ಬೇಕೆಂಬ ನಿಯಮ ಹೊಸ ಮಾದರಿಗಳಿಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ನಿಮ್ಮದು 2009ರ ಗಾಡಿ. ಇವುಗಳಲ್ಲಿ ಏನಿದೆ, ಏನಿಲ್ಲ ಎಂದು ಮೊದಲು ನೋಡಿಕೊಳ್ಳಿ. ನನ್ನ ಹಳೆಯ ಗಾಡಿಯಲ್ಲಿ ಎರಡೂ ಇರಲಿಲ್ಲ. ಎಂಜಿನ್ ಗಟ್ಟಿಮುಟ್ಟಾಗಿದ್ದರೂ ಎರಡನೆಯ ಮಗು ಹುಟ್ಟಿದ ಮೇಲೆ ಅದನ್ನು ಹೆದ್ದಾರಿಗೆ ಒಯ್ಯಲು ನನಗೆ ಮನಸ್ಸು ಬರಲಿಲ್ಲ, ಮಾರಿಬಿಟ್ಟೆ.

ಐದು ದಿನಕ್ಕೆ ಈಚಿನ ಮಾದರಿಯ ಗಾಡಿಯನ್ನು ಚಾಲಕರೊಂದಿಗೆ ಬಾಡಿಗೆಗೆ ಪಡೆಯುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ನಿಮ್ಮದರಲ್ಲೇ ಹೋಗುವುದಾದರೆ, ಎಲ್ಲ ಸೀಟುಗಳ ಬೆಲ್ಟನ್ನು ಒಂದೊಂದಾಗಿ ಎಳೆದು ಬೀಗ ಹಿಡಿಯುತ್ತದೆಯೇ ನೋಡಿ. ಹಳೆಯ ಗಾಡಿಗಳಲ್ಲಿ ಹಿಂದಿನ ಬೆಲ್ಟುಗಳು ಸೀಟಿನ ಸಂದಿಯಲ್ಲಿ ಸಿಕ್ಕಿ ವರ್ಷಗಟ್ಟಲೆ ಹೊರಬಂದಿರುವುದಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇರಲೇಬೇಕೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಆರು ವರ್ಷದ ಮಗುವಿಗೆ ದೊಡ್ಡವರ ಬೆಲ್ಟು ಕುತ್ತಿಗೆಗೆ ಬರುತ್ತದೆ. ಬೂಸ್ಟರ್ ಸೀಟು ತನ್ನಿ. ಮಕ್ಕಳನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಅವರ ತಲೆಯ ಹಿಂದೆ ಸೂಟ್‌ಕೇಸುಗಳನ್ನು ಪೇರಿಸುವುದು ಎಲ್ಲರೂ ಮಾಡುವ ತಪ್ಪು.

ಗ್ಯಾರೇಜ್ ಅಣ್ಣ, ಅರಸೀಕೆರೆ

ಧಾರವಾಡದವರ ಮಾತು ಸರಿ; ನಾನು ಅದನ್ನು ಮೊದಲೇ ಹೇಳಬೇಕಿತ್ತು. ಏರ್‌ಬ್ಯಾಗು ಗ್ಯಾರೇಜಿನಲ್ಲಿ ಕೂರಿಸಿಕೊಡುವ ವಸ್ತುವಲ್ಲ. ಬಾಡಿಗೆ ಗಾಡಿಗೂ ಟೈರಿನ ವರ್ಷ, ಹಿಂದಿನ ಬೆಲ್ಟು ಎರಡನ್ನೂ ನೋಡಿಯೇ ಮುಂಗಡ ಕೊಡಿ. ಹಿಂದಿನ ರಾತ್ರಿ ಚಾಲಕ ಮಲಗಿದ್ದಾನೆಯೇ ಎಂದೂ ಕೇಳಿ. ಸ್ವಂತ ಗಾಡಿಯಾದರೆ ಮೇಲಿನ ಕ್ಯಾರಿಯರಿಗೆ ಭಾರ ಹಾಕಬೇಡಿ. ಎತ್ತರದ ಗಾಡಿ, ತಿರುವಿನಲ್ಲಿ ವಾಲುತ್ತದೆ. ಸಾಧ್ಯವಾದರೆ ಒಬ್ಬಿಬ್ಬರು ರೈಲಿನಲ್ಲಿ ಬರಲಿ.

ಕಲ್ಪತರುನಾಡು, ತುಮಕೂರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಕೃತಜ್ಞತೆಗಳು.

ನೋಟ್‌ಬುಕ್ ತೆರೆದು ತಂದೆಯವರ ಜೊತೆ ಕೂತು ಪುಟಪುಟವನ್ನೂ ನೋಡಿದೆ. ಟೈಮಿಂಗ್ ಬೆಲ್ಟು ಬದಲಿಸಿದ ಬರಹ ಒಂದೇ ಒಂದು ಸಿಕ್ಕಿತು: 1,04,200 ಕಿ.ಮೀ. ಎರಡು ಲಕ್ಷಕ್ಕೆ ಇನ್ನೊಮ್ಮೆ ಮಾಡಿಸಬೇಕೆಂದು ಅವರೇ ಪಕ್ಕದಲ್ಲಿ ಬರೆದುಕೊಂಡಿದ್ದರು. ಆ ಹೊತ್ತಿಗೆ ಕಣ್ಣಿನ ತೊಂದರೆ ಶುರುವಾಗಿ ಅದು ಉಳಿದುಹೋಗಿತ್ತು. ಅಂದರೆ ಅದೇ ಬೆಲ್ಟಿನಲ್ಲಿ ಗಾಡಿ 1,80,000 ಕಿ.ಮೀ.ಗೂ ಹೆಚ್ಚು ಓಡಿದೆ. ಗ್ಯಾರೇಜಿನಲ್ಲಿ ಬಿಚ್ಚಿ ನನ್ನ ಕೈಗೆ ಕೊಟ್ಟಾಗ ಹಲ್ಲುಗಳ ಬುಡದಲ್ಲೆಲ್ಲ ಕೂದಲೆಳೆಯಂಥ ಬಿರುಕುಗಳಿದ್ದವು. ಕಳೆದ ತಿಂಗಳು ಇದೇ ಗಾಡಿಯಲ್ಲಿ ಮಕ್ಕಳನ್ನು ಶಿವಗಂಗೆಗೆ ಕರೆದೊಯ್ದಿದ್ದೆ ಎಂದು ನೆನೆದು ಮೈ ಬೆವರಿತು.

ಬೆಲ್ಟು, ಬೇರಿಂಗು, ಎಲ್ಲ ಹೋಸುಗಳು, ರೇಡಿಯೇಟರ್ ಕ್ಯಾಪು, ಕೂಲೆಂಟು, ಬ್ರೇಕ್ ಆಯಿಲ್, ಮುಂದಿನ ಪ್ಯಾಡು ಮಾಡಿಸಿದ್ದಾಯಿತು. ಟೈರುಗಳು 2017ರವು ಎಂದು ತಿಳಿದು ನಾಲ್ಕನ್ನೂ ಬದಲಿಸಿದೆ. ಒಟ್ಟು 52,000 ರೂಪಾಯಿ ಆಯಿತು. ಭಾರವೆನಿಸಿದರೂ ಅನಗತ್ಯವೆನಿಸಿದ ಬಿಲ್ಲು ಒಂದೂ ಇರಲಿಲ್ಲ.

ದೇವರಾಯನದುರ್ಗಕ್ಕೆ ನಾಲ್ವರು ಸ್ನೇಹಿತರನ್ನೂ ಅಕ್ಕಿಯ ಮೂಟೆಗಳನ್ನೂ ತುಂಬಿಕೊಂಡು ಹೋದೆ. ಹತ್ತುವಾಗ ಮುಳ್ಳು ಅಲುಗಲಿಲ್ಲ. ಇಳಿದು ನಿಲ್ಲಿಸಿದಾಗ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ ಬಂತು. ಗ್ಯಾರೇಜಿನವರು ಪ್ಯಾಡು ಹಾಕುವಾಗ ಆ ಕಡೆಯ ಕ್ಯಾಲಿಪರ್ ಪಿನ್ನನ್ನು ಗ್ರೀಸ್ ಮಾಡಿರಲಿಲ್ಲ; ಅದು ಬಿಗಿದುಕೊಂಡು ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಅದನ್ನು ಸರಿಪಡಿಸಿ ಮರುದಿನ ಮತ್ತೆ ಹತ್ತಿ ಇಳಿದೆ. ಎರಡೂ ಚಕ್ರಗಳು ಒಂದೇ ಹದಕ್ಕೆ ಬಿಸಿಯಾಗಿದ್ದವು.

ಧಾರವಾಡದವರು ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿದೆ. ನಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ. ಪತ್ನಿಯೊಂದಿಗೆ ಎರಡು ದಿನ ಚರ್ಚಿಸಿ, ಈ ಪ್ರವಾಸವನ್ನು ಇದರಲ್ಲೇ ಮಾಡುವುದು, ರಾತ್ರಿ ಓಡಿಸದಿರುವುದು, 80 ದಾಟದಿರುವುದು, ಮುಂದಿನ ವರ್ಷದಿಂದ ದೂರದ ಪ್ರವಾಸಕ್ಕೆ ಬಾಡಿಗೆ ಗಾಡಿ ಪಡೆಯುವುದು ಎಂದು ನಿಶ್ಚಯಿಸಿದ್ದೇವೆ. ತಂಗಿ ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಉಡುಪಿಗೆ ಬರುತ್ತಾಳೆ, ಹಿಂದಿರುಗುವಾಗಲೂ ರೈಲಿನಲ್ಲೇ. ಹಾಗಾಗಿ ಎರಡು ಘಟ್ಟಗಳಲ್ಲೂ ಗಾಡಿಯಲ್ಲಿರುವವರು ಆರೇ ಜನ. ಮಕ್ಕಳಿಬ್ಬರೂ ಅವರ ಅಜ್ಜಿಯೂ ನಡುವಿನ ಸಾಲಿನಲ್ಲಿ. ಚಿಕ್ಕವಳಿಗೆ ಬೂಸ್ಟರ್ ಸೀಟು ತಂದಾಗಿದೆ. ಪತ್ನಿ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಸಾಮಾನನ್ನು ಅವಳ ಪಕ್ಕದ ಮಡಚಿದ ಸೀಟಿನ ಜಾಗದಲ್ಲಿ ಹಗ್ಗ ಹಾಕಿ ಬಿಗಿಯುತ್ತೇವೆ. ಕ್ಯಾರಿಯರನ್ನು ಕಳಚಿ ಇಟ್ಟಿದ್ದೇನೆ.

ತಂದೆಯವರು ಮುಂದಿನ ಸೀಟಿನಲ್ಲಿ. ನೋಟ್‌ಬುಕ್ಕನ್ನು ಅವರ ಕೈಗೇ ಕೊಟ್ಟಿದ್ದೇನೆ. ಕಣ್ಣು ಮಂಜಾಗಿರುವುದರಿಂದ ಅಕ್ಷರಗಳು ಈಗ ದೊಡ್ಡದಾಗಿವೆ, ಸಾಲು ಒಂದಿಷ್ಟು ಓರೆಯಾಗುತ್ತದೆ, 2,87,640 ಕಿ.ಮೀ.ಗೆ ಟೈಮಿಂಗ್ ಬೆಲ್ಟು ಹೊಸದು ಎಂದು ಅವರೇ ಬರೆದಿದ್ದಾರೆ.